ಹೊಟ್ಟೆ ಸ್ಕ್ಯಾನಿಂಗ್‌ಗೆ ಉಪವಾಸ ಯಾಕೆ, ನೀರು ಯಾಕೆ?

ಅಮ್ಮನಿಗೆ ಹೊಟ್ಟೆಯ ಅಲ್ಟ್ರಾಸೌಂಡ್ ಬರೆದುಕೊಟ್ಟಿದ್ದಾರೆ, ಏನೂ ತಿನ್ನದೆ ಬನ್ನಿ, ಆದರೆ ನೀರು ಕುಡಿದು ಮೂತ್ರ ತಡೆದುಕೊಂಡಿರಿ ಅಂದಿದ್ದಾರೆ, ಇದೆಲ್ಲ ಯಾಕೆ, ನೋವಾಗುತ್ತಾ, ರೇಡಿಯೇಷನ್ ಇರುತ್ತಾ ಎಂದು ಕೇಳಿದ್ದೀರಿ. ನಾನು ದಿನವೂ ಸ್ಕ್ಯಾನಿಂಗ್ ಮಾಡುವ ಡಾಕ್ಟರ್. ಮೊದಲು ಅಮ್ಮನಿಗೆ ಧೈರ್ಯ ಹೇಳಿ. ನೋವಾಗುವುದಿಲ್ಲ. ಎಕ್ಸ್‌ರೇ, ಸಿ.ಟಿ.ಗಳಲ್ಲಿರುವ ರೇಡಿಯೇಷನ್ ಇದರಲ್ಲಿಲ್ಲ, ಇದು ಬರೀ ಶಬ್ದ.

ನಮ್ಮ ಕಿವಿಗೆ ಹೆಚ್ಚೆಂದರೆ ಸೆಕೆಂಡಿಗೆ 20 ಸಾವಿರ ಕಂಪನ, ಅಂದರೆ 20 ಸಾವಿರ ಹರ್ಟ್ಜ್‌ವರೆಗಿನ ಶಬ್ದ ಕೇಳಿಸುತ್ತದೆ. ಹೊಟ್ಟೆ ನೋಡಲು ಬಳಸುವುದು ಸುಮಾರು 20 ಲಕ್ಷದಿಂದ 50 ಲಕ್ಷ ಹರ್ಟ್ಜ್‌ನದು. ಕೈಯಲ್ಲಿ ಹಿಡಿಯುವ ಪ್ರೋಬ್‌ನ ತುದಿಯಲ್ಲಿ ಪುಟ್ಟ ಪುಟ್ಟ ಹರಳುಗಳ ಸಾಲು ಇರುತ್ತದೆ. ಕರೆಂಟ್ ಕೊಟ್ಟಾಗ ಅವು ಕಂಪಿಸಿ ಶಬ್ದ ಹೊರಡಿಸುತ್ತವೆ. ಒಳಗಿನಿಂದ ಬರುವ ಪ್ರತಿಧ್ವನಿ ತಾಗಿದಾಗ ಅವೇ ಕರೆಂಟ್ ಹುಟ್ಟಿಸುತ್ತವೆ. ದೇಹದೊಳಗೆ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ 5 ಸಾವಿರದಲ್ಲಿ ಒಂದು ಪಾಲು ಸಾಕು. ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ ವಾಪಸ್ ಬಂತು ಅನ್ನುವುದರ ಮೇಲೆ ಮಷೀನ್ ಚಿತ್ರ ಕಟ್ಟುತ್ತದೆ. ನೀರಿನಂಥ ದ್ರವದಿಂದ ಪ್ರತಿಧ್ವನಿ ಬರುವುದಿಲ್ಲ, ಹಾಗಾಗಿ ಅದು ಕಪ್ಪು. ಕಲ್ಲು, ಮೂಳೆ ಬೆಳ್ಳಗೆ ಕಾಣುತ್ತವೆ.

ಈ ಶಬ್ದಕ್ಕೆ ಬಹು ದೊಡ್ಡ ಶತ್ರು ಗಾಳಿ. ಗಾಳಿ ಎದುರಾದರೆ ಹೆಚ್ಚುಕಮ್ಮಿ ಪೂರ್ತಿ ಶಬ್ದ ಅಲ್ಲಿಂದಲೇ ಹಿಂದಿರುಗುತ್ತದೆ, ಅದರ ಆಚೆ ಏನೂ ಕಾಣುವುದಿಲ್ಲ. ನಾವು ಹೇಳುವ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಂದಲೇ. ಚರ್ಮಕ್ಕೂ ಪ್ರೋಬ್‌ಗೂ ನಡುವೆ ಗಾಳಿ ಉಳಿಯದಿರಲಿ ಅಂತ ಜೆಲ್ ಹಚ್ಚುತ್ತೇವೆ. ಸ್ವಲ್ಪ ತಣ್ಣಗಿರುತ್ತದೆ, ಅಷ್ಟೇ. ಊಟ ಮಾಡಿದರೆ ಕರುಳಿನಲ್ಲಿ ಗ್ಯಾಸ್ ಜಾಸ್ತಿ, ಅದರ ಹಿಂದಿರುವ ಮೇದೋಜೀರಕ ಗ್ರಂಥಿ ಮರೆಯಾಗುತ್ತದೆ. ಪಿತ್ತಕೋಶವೂ ಊಟವಾದ ಮೇಲೆ ಕುಗ್ಗಿಬಿಡುತ್ತದೆ. ಕುಗ್ಗಿದ ಪಿತ್ತಕೋಶದಲ್ಲಿ ಕಲ್ಲು ಇದೆಯಾ ಎಂದು ಹೇಳುವುದು ಕಷ್ಟ. ಇನ್ನು ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ತಳ್ಳಿ, ಗರ್ಭಕೋಶ, ಅಂಡಾಶಯ ನೋಡಲು ಕಿಟಕಿ ತೆರೆದುಕೊಡುತ್ತದೆ. ಉಪವಾಸ ಸಾಮಾನ್ಯವಾಗಿ 6 ರಿಂದ 8 ಗಂಟೆ. ಅಮ್ಮನಿಗೆ ಶುಗರ್ ಇದ್ದರೆ ಸುಮ್ನೆ ಉಪವಾಸ ಇರಿಸಬೇಡಿ. ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂದು ಮೊದಲೇ ಕೇಳಿ, ಬೆಳಗಿನ ಮೊದಲ ಸರದಿ ತೆಗೆದುಕೊಳ್ಳಿ.

ಒಳಗೆ ಮಲಗಿದ ಮೇಲೆ “ಉಸಿರು ಎಳೆದು ಹಿಡಿಯಿರಿ” ಎಂದು ಮತ್ತೆ ಮತ್ತೆ ಹೇಳುತ್ತೇವೆ. ಆಗ ಲಿವರ್ ಪಕ್ಕೆಲುಬುಗಳ ಮರೆಯಿಂದ ಕೆಳಗಿಳಿದು ಚೆನ್ನಾಗಿ ಕಾಣುತ್ತದೆ. ಎಡಮಗ್ಗುಲಿಗೆ ತಿರುಗಿ ಅಂದರೂ ಗಾಬರಿ ಬೇಡ. ಪಿತ್ತಕೋಶದಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು ಅನ್ನಿ. ಮಗ್ಗುಲು ಬದಲಿಸಿದಾಗ ಅದು ಉರುಳಿದರೆ, ಹಿಂದೆ ಕಪ್ಪು ನೆರಳೂ ಬಿದ್ದರೆ, ಬಹುತೇಕ ಕಲ್ಲೇ. ಗೋಡೆಗೆ ಅಂಟಿಕೊಂಡೇ ಇದ್ದರೆ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆದ ಪುಟ್ಟ ಗಂಟು, ಇರಬಹುದು. ಇಷ್ಟು ವರ್ಷವಾದರೂ ಆ ಕಲ್ಲು ಉರುಳುವುದನ್ನು ನೋಡಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಒಂದು ಮಾತನ್ನು ಅಮ್ಮನಿಗೆ ಮರೆಯದೆ ಹೇಳಿ. ಸ್ಕ್ಯಾನ್ ಮಾಡುವಾಗ ನಾವು ಹೆಚ್ಚು ಮಾತಾಡುವುದಿಲ್ಲ. ಒಂದೇ ಜಾಗದಲ್ಲಿ ಪ್ರೋಬ್ ಹಿಡಿದು ತುಂಬ ಹೊತ್ತು ನೋಡುತ್ತೇವೆ. ಏನೋ ಕೆಟ್ಟದ್ದು ಸಿಕ್ಕಿದೆ ಎಂದು ಎಷ್ಟೋ ಜನ ಹೆದರಿಬಿಡುತ್ತಾರೆ, ಕಣ್ಣಲ್ಲಿ ನೀರು ತಂದುಕೊಂಡವರನ್ನೂ ನೋಡಿದ್ದೇನೆ. ಹೆಚ್ಚಿನ ಸಲ ನಾವು ಕಿಡ್ನಿಯ ಉದ್ದವನ್ನೋ ಮತ್ತೊಂದನ್ನೋ ಅಳೆಯುತ್ತಿರುತ್ತೇವೆ. ಭಯವಾದರೆ ನೇರವಾಗಿ ಕೇಳಲಿ, ಕೇಳುವುದರಲ್ಲಿ ತಪ್ಪೇನಿಲ್ಲ ಅಲ್ವಾ?

ಹಳೆಯ ರಿಪೋರ್ಟ್‌ಗಳಿದ್ದರೆ ತಪ್ಪದೆ ತನ್ನಿ. ಹಿಂದೆ ಕಂಡ ಗಂಟು ಬೆಳೆದಿದೆಯಾ, ಹಾಗೇ ಇದೆಯಾ ಎಂದು ಹೋಲಿಸಿ ನೋಡಲು ಅವು ಬೇಕು. ಕೆಲವೊಮ್ಮೆ ಮೂತ್ರ ಮಾಡಿ ಬನ್ನಿ ಎಂದು ಕಳಿಸಿ, ಒಳಗೆ ಎಷ್ಟು ಉಳಿದಿದೆ ಎಂದು ಇನ್ನೊಮ್ಮೆ ನೋಡುತ್ತೇವೆ. ಹಾಗಾಗಿ ಬಾತ್‌ರೂಮ್‌ಗೆ ಹೋಗಿಬಂದ ತಕ್ಷಣ ಅಮ್ಮನನ್ನು ಮನೆಗೆ ಹೊರಡಿಸಬೇಡಿ.