ಅಲ್ಲಿ ಸೈರನ್, ಇಲ್ಲಿ ಕಾಫಿ ಟೈಮ್

ಪ್ರಶ್ನೆ: ಮಗಳು ಅಳಿಯ ಅಮೆರಿಕದ ಕೆನ್ಸಾಸ್‌ನ ವಿಚಿಟಾ ಹತ್ರ ಒಂದು ಸಣ್ಣ ಊರಲ್ಲಿದಾರೆ, ಸುತ್ತ ಬರೀ ಗೋಧಿ ಹೊಲ. ಮೊನ್ನೆ ಬೆಳಗ್ಗೆ ಆರಕ್ಕೆ ಎದ್ದು ಮೊಬೈಲ್ ನೋಡಿದ್ರೆ 'ಸೈರನ್ ಹೊಡೀತಿದೆ, ಬೇಸ್‌ಮೆಂಟಲ್ಲಿದೀವಿ' ಅಂತ ಮೆಸೇಜ್. ಹನ್ನೊಂದು ಸಲ ಫೋನ್ ಮಾಡ್ದೆ, ಎತ್ತಲಿಲ್ಲ, ಆಮೇಲೆ ಅವಳೇ ಮಾಡಿ ನನ್ನನ್ನೇ ಬೈದ್ಲು. ಅವತ್ತು ಒಂದೇ ದಿನ ಸುಮಾರು ಟಾರ್ನೆಡೋ ಬಂದ್ವಂತೆ. ಅಷ್ಟೊಂದು ಹೇಗೆ ಬರುತ್ತೆ? ನಮ್ಮ ಮೈದಾನದ ಸುಂಟರಗಾಳಿನೇ ದೊಡ್ದಾದ್ರೆ ಹಾಗಾಗುತ್ತಾ?
— ಒಬ್ಬ ತಾಯಿ, ಶ್ರೀನಗರ, ಬೆಂಗಳೂರು

ಉತ್ತರ: ಅಮ್ಮಾ, ಹೆಸರು ಒಂದೇ ಅಷ್ಟೇ, ಹುಟ್ಟು ಬೇರೆ. ನಮ್ಮದು ಬಿಸಿಲಿಗೆ ಕಾದ ನೆಲದಿಂದ ಮೇಲಕ್ಕೆ ಏಳುತ್ತೆ, ಮೋಡಾನೇ ಬೇಕಾಗಿಲ್ಲ, ಒಂದೆರಡು ಪ್ಲಾಸ್ಟಿಕ್ ಕವರ್ ಹಾರಿಸಿ ಸುಮ್ನಾಗುತ್ತೆ. ಅಲ್ಲಿಯದು ಗುಡುಗಿನ ಮೋಡದ ಹೊಟ್ಟೆಯಿಂದ ಇಳಿಯೋದು. ವಸಂತದಲ್ಲಿ ಮೆಕ್ಸಿಕೋ ಕೊಲ್ಲಿ ಕಡೆಯಿಂದ ತೇವದ ಬೆಚ್ಚನೆ ಗಾಳಿ ಬರುತ್ತೆ, ರಾಕಿ ಬೆಟ್ಟದ ಕಡೆಯಿಂದ ಒಣಗಾಳಿ, ಇವೆರಡರ ಮೇಲೆ ಜೆಟ್ ಸ್ಟ್ರೀಮ್ ಅನ್ನೋ ಎತ್ತರದ ಗಾಳಿ ಹೊಳೆ ಜೋರಾಗಿ ಓಡ್ತಿರುತ್ತೆ. ಕೆಳಗಿನ ಗಾಳಿ ಒಂದು ದಿಕ್ಕು ಒಂದು ಸ್ಪೀಡು, ಮೇಲಿನದು ಇನ್ನೊಂದು, ಹಾಗಾಗಿ ನಡುವೆ ಸಿಕ್ಕಿದ ಗಾಳಿ ನೀವು ಅಂಗೈಯಲ್ಲಿ ದೀಪದ ಬತ್ತಿ ಹೊಸೀತೀರಲ್ಲ ಹಾಗೆ ಮಲಗಿಕೊಂಡೇ ಸುತ್ತುತ್ತೆ, ಮೇಲೇಳೋ ಬಿಸಿಗಾಳಿ ಆ ಬತ್ತಿನ ಎತ್ತಿ ನಿಲ್ಲಿಸಿದ್ರೆ ಇಡೀ ಮೋಡವೇ ತಿರುಗೋಕೆ ಶುರು, ಅದನ್ನೇ ಸೂಪರ್‌ಸೆಲ್ ಅನ್ನೋದು. ಈ ಹದ ನೂರಾರು ಕಿಲೋಮೀಟರ್ ಉದ್ದಕ್ಕೂ ಒಟ್ಟಿಗೇ ಕೂಡಿ ಬರುತ್ತೆ, ಸಾಲಾಗಿ ಮೋಡ ಏಳ್ತವೆ, ಒಂದೊಂದು ಮೋಡ ಎರಡು ಮೂರು ಸಲನೂ ಸುಳಿ ಇಳಿಸಬಹುದು. 1974ರ ಏಪ್ರಿಲ್ 3-4ರಂದು 13 ರಾಜ್ಯಗಳಲ್ಲಿ 148 ಟಾರ್ನೆಡೋ ಬಂದಿದ್ವು!

ಹೊಲದ ಸೀಮೆ ಬಗ್ಗೆ ಒಂದು ತಮಾಷೆ. ಟಾರ್ನೆಡೋಗೆ ಇಎಫ್0ರಿಂದ ಇಎಫ್5ರ ತನಕ ರ‍್ಯಾಂಕ್ ಕೊಡೋದು ಗಾಳಿ ಅಳೆದು ಅಲ್ಲ, ಏನೇನು ಮುರೀತು ಅಂತ ಆಮೇಲೆ ಹೋಗಿ ನೋಡಿ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೋ ಹತ್ರ ಬಂದಿದ್ದು 4 ಕಿಲೋಮೀಟರ್‌ಗಿಂತ ಅಗಲ, ನಿಮ್ಮ ಶ್ರೀನಗರ ಪೂರ್ತಿ ಅದರೊಳಗೆ ಹಿಡಿಸುತ್ತೆ, ರಾಡಾರಲ್ಲಿ ಗಾಳಿ ಗಂಟೆಗೆ 480 ಕಿಲೋಮೀಟರ್ ದಾಟಿತ್ತು. ಆದ್ರೆ ಓಡಿದ್ದು ಹೆಚ್ಚಾಗಿ ಬಯಲು ಹೊಲದ ಮೇಲೆ, ಮುರಿಯೋಕೆ ಗಟ್ಟಿ ಕಟ್ಟಡ ಸಿಗಲಿಲ್ಲ, ಸಿಕ್ಕಿದ್ದು ಇಎಫ್3. ಆದ್ರೂ ಅನುಭವಸ್ಥ ಸಂಶೋಧಕ ಟಿಮ್ ಸಮಾರಸ್ ಅದರಲ್ಲೇ ತೀರಿಕೊಂಡ್ರು. ಹಾಗಾಗಿ ನಂಬರ್ ಚಿಕ್ಕದು ಅಂತ ಮಗಳು ಹೇಳಿದ್ರೆ ನೆಮ್ಮದಿ ಪಡಬೇಡಿ.

ಇನ್ನು ಆ ಹನ್ನೊಂದು ಕಾಲ್. ಮಗಳು ಬೈದಿದ್ದು ಸರಿ, ಕ್ಷಮಿಸಿ. ಅಲ್ಲಿ ಇದು ಜಾಸ್ತಿ ಬರೋದು ಸಂಜೆ ಐದರಿಂದ ಒಂಬತ್ತು, ನಮಗೆ ಆಗ ಬೆಳಗಿನ ಜಾವ ಮೂರೂವರೆಯಿಂದ ಏಳೂವರೆ, ಅಂದ್ರೆ ನೀವು ಹಾಲು ಕಾಯಿಸೋ ಹೊತ್ತಿಗೆ ಅವಳು ನೆಲಮಾಳಿಗೆಯಲ್ಲಿ. 'ವಾಚ್' ಅಂತ ಬಂದ್ರೆ ಹವಾ ಅದಕ್ಕೆ ರೆಡಿ ಇದೆ ಅಂತ, ಆಗ ಬೇಕಾದ್ರೆ ಮಾತಾಡಿ. 'ವಾರ್ನಿಂಗ್' ಅಂದ್ರೆ ರಾಡಾರಲ್ಲೋ ಕಣ್ಣಿಗೋ ಕಂಡಾಗಿದೆ, ಕೈಯಲ್ಲಿರೋದು ಕೆಲವೇ ನಿಮಿಷ, ಕೆಳಗೆ ಸಿಗ್ನಲ್ ಸರಿಯಾಗಿ ಸಿಗಲ್ಲ ಅಂತ ನಿಮ್ಮ ಕಾಲ್ ಎತ್ತೋಕೆ ಅವಳು ಮೆಟ್ಟಿಲು ಹತ್ತಿ ಬಂದ್ರೆ ಏನು ಗತಿ? ಮೆಸೇಜ್ ಹಾಕಿ ಕಾಯಿರಿ. ಬೇಸ್‌ಮೆಂಟಲ್ಲಿ ಎಲ್ಲರಿಗೂ ಒಂದೊಂದು ಜೊತೆ ಶೂ, ಒಂದೊಂದು ಹೆಲ್ಮೆಟ್ ಇಟ್ಟುಕೊಳ್ಳೋಕೆ ಹೇಳಿ. ಆಮೇಲೆ ಓಡಾಡೋದು ಗಾಜು, ಮೊಳೆ ಮೇಲೆ.

ಪ್ರಶ್ನೆ: ಬೆಂಗಳೂರಿಗೂ ಬರುತ್ತಾ ಸಾರ್?
— ಯಲಹಂಕದ ಓದುಗ

ಉತ್ತರ: ಆ ಥರದ್ದು ಬರೋ ಚಾನ್ಸ್ ತೀರಾ ಕಮ್ಮಿ. ನಮ್ಮ ಉಪಖಂಡದಲ್ಲಿ ಅದರ ಕಾಟ ಬಂಗಾಳದ ಕಡೆ, 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದಲ್ಲಿ ಸುಮಾರು 1,300 ಜನ ಸತ್ತರು, 2024ರ ಮಾರ್ಚ್ 31ರಂದು ಜಲ್‌ಪೈಗುರಿಯಲ್ಲೂ ಬಂತು. ನಮ್ಮ ಏಪ್ರಿಲ್-ಮೇ ಮಳೆಯಲ್ಲಿ ಮರ ಉರುಳಿಸೋದು ಬೇರೆ, ಮೋಡದಿಂದ ದಬಕ್ಕಂತ ಕೆಳಗಿಳಿದು ನೇರವಾಗಿ ಹರಡೋ ಗಾಳಿ. ಗುಲ್‌ಮೊಹರ್ ಕೆಳಗೆ ಕಾರ್ ನಿಲ್ಲಿಸಬೇಡಿ ಅಷ್ಟೇ.