ಹಾಸಿಗೆಯಲ್ಲಿ ಒಂಬತ್ತೂವರೆ ಗಂಟೆ, ನಿದ್ದೆ ಐದೂವರೆ ಗಂಟೆ

ನಿದ್ದೆ ಬಾರದೆ ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು. ಅವರ ಗುರುತು ಸಿಗದ ಹಾಗೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ.

43 ವರ್ಷದ ಹೆಂಗಸು. ಲೆಕ್ಕಪತ್ರ ನೋಡುವ ಕೆಲಸ. ಮೊದಲ ದಿನ ಬಂದು ಕೂತವರೇ ಸ್ಮಾರ್ಟ್‌ವಾಚ್ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. "ಮೇಡಂ, ನಿನ್ನೆಯ ನಿದ್ದೆಗೆ ಇದು 100ಕ್ಕೆ 51 ಅಂಕ ಕೊಟ್ಟಿದೆ. ಇವತ್ತು ಇಡೀ ದಿನ ಹಾಳು" ಎಂದರು. ದನಿಯಲ್ಲಿ ಸುಸ್ತಿಗಿಂತ ಭಯ ಜಾಸ್ತಿ ಇತ್ತು.

ಒಂದೂವರೆ ವರ್ಷದ ಹಿಂದೆ ಅವರ ತಂದೆಗೆ ಕಾಯಿಲೆಯಾಗಿ ಆರು ವಾರ ಆಸ್ಪತ್ರೆಯಲ್ಲಿದ್ದರು. ಫೋನ್ ಯಾವಾಗ ಬರುತ್ತದೋ ಎಂದು ಇವರು ರಾತ್ರಿಯಿಡೀ ಕಿವಿ ನೆಟ್ಟು ಮಲಗುತ್ತಿದ್ದರು. ತಂದೆ ಗುಣವಾಗಿ ಮನೆಗೆ ಬಂದರು. ಮಗಳ ನಿದ್ದೆ ಮಾತ್ರ ವಾಪಸ್ ಬರಲಿಲ್ಲ.

ಅದನ್ನು ಹಿಡಿದು ತರಲು ಅವರು ಮಾಡದೇ ಇದ್ದದ್ದಿಲ್ಲ. ರಾತ್ರಿ 9ಕ್ಕೇ ಹಾಸಿಗೆ ಸೇರುವುದು, 6:30ರವರೆಗೆ ಏಳದಿರುವುದು. ಭಾನುವಾರ ಮಧ್ಯಾಹ್ನವೂ ಮಲಗುವುದು. ಗಂಡನನ್ನು ಬೇರೆ ಕೋಣೆಗೆ ಕಳಿಸಿದ್ದರು. ಸಂಜೆ ಮಗ ಜೋರಾಗಿ ನಕ್ಕರೂ ರೇಗುತ್ತಿದ್ದರು. ಮನೆಯಲ್ಲಿ ಎಲ್ಲರೂ ಇವರ ನಿದ್ದೆಗಾಗಿ ತುದಿಗಾಲಲ್ಲಿ ನಡೆಯುತ್ತಿದ್ದರು.

ನಾನು ಮೊದಲು ಅವರನ್ನು ವೈದ್ಯರ ಹತ್ತಿರ ಕಳಿಸಿದೆ. ಥೈರಾಯ್ಡ್, ಖಿನ್ನತೆ, ಜೋರು ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ, ರಾತ್ರಿ ಕಾಲು ಎಳೆಯುವುದು, ಇವು ಯಾವುದಾದರೂ ಇದ್ದರೆ ದಾರಿಯೇ ಬೇರೆ. ಅವರಿಗೆ ಏನೂ ಇರಲಿಲ್ಲ. ಆಮೇಲೆ ಎರಡು ವಾರ ನಿದ್ದೆಯ ಡೈರಿ ಬರೆಸಿದೆ. ವಾಚ್ ನೋಡುವಂತಿಲ್ಲ. ಬೆಳಿಗ್ಗೆ ಎದ್ದಮೇಲೆ ಅಂದಾಜಿನಲ್ಲಿ ಬರೆದರೆ ಸಾಕು. ವಾಚ್ ಹೆಚ್ಚಾಗಿ ಕೈಯ ಅಲುಗಾಟ, ನಾಡಿಬಡಿತ ನೋಡಿ ಊಹೆ ಮಾಡುತ್ತದೆ. ಆ ಊಹೆಯನ್ನು ಅವರು ಬೆಳಗಿನ ತೀರ್ಪು ಎಂದು ಓದುತ್ತಿದ್ದರು.

ಡೈರಿಯ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿದೆ. ಹಾಸಿಗೆಯಲ್ಲಿ ಒಂಬತ್ತೂವರೆ ಗಂಟೆ, ನಿದ್ದೆ ಸರಾಸರಿ ಐದೂವರೆ ಗಂಟೆ. ಉಳಿದ ನಾಲ್ಕು ಗಂಟೆ?

"ಮಗ್ಗುಲು ಬದಲಿಸೋದು. ಗಡಿಯಾರ ನೋಡೋದು. ಇನ್ನೆಷ್ಟು ಹೊತ್ತು ಉಳಿದಿದೆ ಅಂತ ಲೆಕ್ಕ ಹಾಕೋದು."

ದಿನಕ್ಕೆ ನಾಲ್ಕು ಗಂಟೆ, ತಿಂಗಳುಗಟ್ಟಲೆ, ಹಾಸಿಗೆಯಲ್ಲಿ ಚಿಂತೆ ಮಾಡಿದರೆ ಮೈ ಏನು ಕಲಿಯುತ್ತದೆ? ಹಾಸಿಗೆ ಎಂದರೆ ಎಚ್ಚರವಾಗಿರುವ ಜಾಗ ಎಂದು ಕಲಿಯುತ್ತದೆ. ಸೋಫಾದಲ್ಲಿ ತೂಕಡಿಸುವವರಿಗೆ ದಿಂಬಿಗೆ ತಲೆ ಇಟ್ಟ ಕೂಡಲೇ ಕಣ್ಣು ತೆರೆದುಕೊಳ್ಳುವುದು ಇದಕ್ಕೇ. ನಿದ್ದೆ ಕೆಡಿಸಿದ್ದು ತಂದೆಯ ಕಾಯಿಲೆ, ನಿಜ. ಅದು ಕೆಟ್ಟೇ ಉಳಿದದ್ದು ಸರಿಮಾಡುವ ಈ ಒದ್ದಾಟದಿಂದ. ಇದನ್ನು ಹೇಳಿದಾಗ ಅವರು ಅತ್ತರು. ಅದು ಅವರ ತಪ್ಪಲ್ಲ ಎಂದು ನಾನು ಎರಡು ಸಲ ಹೇಳಬೇಕಾಯಿತು.

ನಾನು ಕೊಟ್ಟ ಮುಖ್ಯ ಸಲಹೆ ಅವರಿಗೆ ತಲೆಕೆಳಗಾಗಿ ಕಂಡಿತು. ರಾತ್ರಿ 12ಕ್ಕೆ ಮಲಗಿ, ಬೆಳಿಗ್ಗೆ 6ಕ್ಕೆ ಏಳಿ. ಭಾನುವಾರವೂ ಅಷ್ಟೇ. ಹಗಲು ಮಲಗಬೇಡಿ. ಹಾಸಿಗೆಯಲ್ಲಿ ನಿದ್ದೆ ಬಾರದೆ ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೆ ಎದ್ದು ಬೇರೆ ಕಡೆ ಹೋಗಿ ಮಂದ ಬೆಳಕಿನಲ್ಲಿ ಕೂತಿರಿ. ಕಣ್ಣು ಎಳೆದಾಗ ಮಾತ್ರ ವಾಪಸ್ ಬನ್ನಿ. ಗಡಿಯಾರ ಗೋಡೆ ಕಡೆ ತಿರುಗಿರಲಿ.

"ನಿದ್ದೆ ಬರಲ್ಲ ಅಂತ ಬಂದವಳಿಗೆ ಮಲಗಬೇಡ ಅಂತೀರಲ್ಲ ಮೇಡಂ!"

ಕಾರಣ ಸರಳ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಷ್ಟೂ ನಿದ್ದೆಯ ಒತ್ತಡ ಹೆಚ್ಚು. ಒಂಬತ್ತಕ್ಕೇ ಮಲಗುವವರಲ್ಲಿ, ಹಗಲು ನಿದ್ದೆ ಮಾಡಿದವರಲ್ಲಿ ಆ ಒತ್ತಡ ಸಾಲುವುದಿಲ್ಲ. ಕಾಫಿ ಅಡೆನೊಸಿನ್‌ಗೇ ಅಡ್ಡ ನಿಲ್ಲುತ್ತದೆ. ಅದರ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಹಾಗಾಗಿ ಮಧ್ಯಾಹ್ನದ ಮೇಲೆ ಕಾಫಿ ಬೇಡ ಎಂದೆ. ಏಳುವ ಹೊತ್ತು ದಿನಾ ಒಂದೇ ಆಗಿ, ಎದ್ದ ಕೂಡಲೇ ಹೊರಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರವೂ ಒಂದು ಲಯಕ್ಕೆ ಬರುತ್ತದೆ.

ಇದು ನನ್ನ ಸ್ವಂತ ಉಪಾಯ ಅಲ್ಲ. ನಿದ್ರಾಹೀನತೆಗೆಂದೇ ಇರುವ ವರ್ತನಾ ಚಿಕಿತ್ಸೆಯ ಭಾಗ ಇದು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಎಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಶಿಫಾರಸು ಮಾಡಿತ್ತು. ಆದರೆ ಎಲ್ಲರಿಗೂ ಇದು ಹೊಂದುವುದಿಲ್ಲ. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇರುವವರು, ದಿನವಿಡೀ ವಾಹನ ಓಡಿಸುವವರು ತಾವೇ ಇದನ್ನು ಮಾಡಿಕೊಳ್ಳಬಾರದು. ಯಾರಿಗೂ ಹಾಸಿಗೆಯಲ್ಲಿ ಐದು ಗಂಟೆಗಿಂತ ಕಡಿಮೆ ಹೊತ್ತು ನಾನು ಕೊಡುವುದಿಲ್ಲ. ಇವರಿಗೂ ಮೊದಲ ವಾರಗಳಲ್ಲಿ ಕಾರು ಓಡಿಸಬೇಡಿ ಎಂದಿದ್ದೆ.

ಎಂಟನೇ ದಿನ ಫೋನ್ ಬಂತು. "ತಲೆ ಭಾರ. ಆಫೀಸಿನಲ್ಲಿ ಕೂತಲ್ಲೇ ಜೋಂಪು. ಬಿಟ್ಟುಬಿಡ್ತೀನಿ." ಮೊದಲ ವಾರ ಇಷ್ಟು ಕಷ್ಟ ಆಗುತ್ತದೆ ಎಂದು ನಾನು ಇನ್ನೂ ಬಿಡಿಸಿ ಹೇಳಬೇಕಿತ್ತು. ಅದನ್ನು ಒಪ್ಪಿಕೊಂಡೆ. ಆ ಜೋಂಪೇ ನಮಗೆ ಬೇಕಾದ್ದು, ಇನ್ನೊಂದು ವಾರ ಅದನ್ನು ರಾತ್ರಿಗೆ ಉಳಿಸಿಕೊಳ್ಳೋಣ ಎಂದೆ. ಆ ವಾರ ದಿನಾ ಸಂಜೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿದೆವು.

ಮೂರನೇ ವಾರದ ಡೈರಿಯಲ್ಲಿ ಆರು ಗಂಟೆ ಹಾಸಿಗೆಗೆ ಐದೂವರೆ ಗಂಟೆ ನಿದ್ದೆ. ಗಂಟೆ ಹಿಂದಿನಷ್ಟೇ, ಆದರೆ ನಡುವೆ ಒಡೆಯದ ನಿದ್ದೆ. "ಎದ್ದಾಗ ಮಲಗಿದ್ದೆ ಅನ್ನಿಸ್ತು" ಎಂದು ಪಕ್ಕದಲ್ಲಿ ಬರೆದಿದ್ದರು. ಆಮೇಲೆ ಹಾಸಿಗೆಯ ಹೊತ್ತಿನಲ್ಲಿ ನೂರಕ್ಕೆ 85 ಪಾಲಾದರೂ ನಿದ್ದೆಯೇ ಇದ್ದ ವಾರಗಳಲ್ಲಿ ಮಲಗುವ ಸಮಯವನ್ನು ಹದಿನೈದು ನಿಮಿಷ ಹಿಂದೆ ತಂದೆವು. ಹತ್ತನೇ ವಾರಕ್ಕೆ ರಾತ್ರಿ 10:30ಕ್ಕೆ ಬಂದು ನಿಂತಿತು. ನಿದ್ದೆ ಏಳು ಗಂಟೆಯ ಹತ್ತಿರ. ವಯಸ್ಕರಿಗೆ ಕನಿಷ್ಠ ಬೇಕಾದ್ದು ಅಷ್ಟು.

ಕೊನೆಯ ಭೇಟಿಗೆ ಡೈರಿ ಅರ್ಧ ಖಾಲಿ ಇತ್ತು. ಯಾಕೆ ಎಂದು ಕೇಳಿದೆ. "ಬರೆಯೋದು ಮರೆತೆ ಮೇಡಂ. ಬುಧವಾರ ಮೂರು ಗಂಟೆಗೆ ಎಚ್ಚರ ಆಗಿತ್ತು. ಹಾಲ್‌ನಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ." ಗಂಡ ಈಗ ಕೋಣೆಗೆ ವಾಪಸ್ ಬಂದಿದ್ದಾರಂತೆ.