ಹೊಸ ಶಾಖಾ ಕ್ಯಾಂಪಸ್ಸಿನ ಗುಣಮಟ್ಟ ತಿಳಿಯುವುದು ಹೇಗೆ?

ಪ್ರಶ್ನೆ: ಹೆಸರಾಂತ ವಿಶ್ವವಿದ್ಯಾಲಯವೊಂದು ತನ್ನ ದೇಶದ ಹೊರಗೆ ಹೊಸದಾಗಿ ತೆರೆಯುತ್ತಿರುವ ಕ್ಯಾಂಪಸ್ಸಿನ ಮೊದಲ ಬ್ಯಾಚಿನಲ್ಲಿ ನನ್ನ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಪಠ್ಯಕ್ರಮ, ಪದವಿ ಎರಡೂ ಮೂಲ ವಿಶ್ವವಿದ್ಯಾಲಯದವೇ ಎಂದು ಮಾಹಿತಿ ಪುಸ್ತಕದಲ್ಲಿದೆ. ಶುಲ್ಕ ಅಲ್ಲಿಗಿಂತ ಕಡಿಮೆ. ಆದರೆ ಓದಿ ಹೊರಬಂದವರು ಇನ್ನೂ ಒಬ್ಬರೂ ಇಲ್ಲದ ಕ್ಯಾಂಪಸ್ಸಿನ ಗುಣಮಟ್ಟವನ್ನು ಅಳೆಯುವುದು ಹೇಗೆ?
– ಹೆಸರು ಬೇಡ

ಉತ್ತರ: ಮೊದಲು ರ‍್ಯಾಂಕಿಂಗ್ ಪಟ್ಟಿಯನ್ನು ಬದಿಗಿಡಿ. ಜಾಗತಿಕ ರ‍್ಯಾಂಕಿಂಗ್‌ಗಳಲ್ಲಿ ಹೆಚ್ಚಿನ ತೂಕ ಸಿಗುವುದು ಸಂಶೋಧನೆಗೆ ಮತ್ತು ವಿದ್ವಾಂಸರ ವಲಯದಲ್ಲಿರುವ ಹೆಸರಿಗೆ. ಅದು ಮೂಲ ಕ್ಯಾಂಪಸ್ಸಿನಲ್ಲಿ ದಶಕಗಳ ಕಾಲ ದುಡಿದವರ ಗಳಿಕೆ. ನಿಮ್ಮ ಮಗಳಿಗೆ ಮೊದಲ ವರ್ಷದ ಗಣಿತವನ್ನು ಯಾರು ಕಲಿಸುತ್ತಾರೆ ಎಂಬುದು ಅದರಿಂದ ತಿಳಿಯುವುದಿಲ್ಲ. ಕಟ್ಟಡದ ಮಾತೂ ಅಷ್ಟೇ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯವು ಇಂಗ್ಲೆಂಡಿನಲ್ಲಿರುವ ತನ್ನ ಟ್ರೆಂಟ್ ಕಟ್ಟಡದ ಗಡಿಯಾರ ಗೋಪುರವನ್ನು ಹೋಲುವ ಗೋಪುರಗಳನ್ನು ಮಲೇಷ್ಯಾದಲ್ಲೂ ಚೀನಾದ ನಿಂಗ್ಬೋದಲ್ಲೂ ಕಟ್ಟಿಸಿದೆ. ಆ ಎರಡು ಕ್ಯಾಂಪಸ್‌ಗಳು ಕ್ರಮವಾಗಿ 2000 ಮತ್ತು 2004ರಿಂದ ನಡೆದುಕೊಂಡು ಬಂದಿವೆ, ಆದರೆ ಅದರ ಶ್ರೇಯಸ್ಸನ್ನು ಗೋಪುರಕ್ಕೆ ಕೊಡುವಂತಿಲ್ಲ.

ಹೊಸ ಕ್ಯಾಂಪಸ್ಸಿಗೆ ಫಲಿತಾಂಶವಿರುವುದಿಲ್ಲ, ನಿಜ. ಏರ್ಪಾಟುಗಳಂತೂ ಇರಲೇಬೇಕು, ಅವುಗಳನ್ನು ಈಗಲೇ ಪರೀಕ್ಷಿಸಬಹುದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಕು ಚೆಲ್ಲುವ ಪ್ರಶ್ನೆ ಅಂಕಗಳಿಗೆ ಸಂಬಂಧಿಸಿದ್ದು. ಪ್ರಶ್ನೆಪತ್ರಿಕೆ ಯಾರು ತಯಾರಿಸುತ್ತಾರೆ, ಉತ್ತರಪತ್ರಿಕೆ ಯಾರು ತಿದ್ದುತ್ತಾರೆ, ತಿದ್ದಿದ್ದನ್ನು ಎರಡನೆಯ ಬಾರಿ ಯಾರು ನೋಡುತ್ತಾರೆ, ಕೊನೆಗೆ ಫಲಿತಾಂಶವನ್ನು ಅಂತಿಮಗೊಳಿಸುವ ಮಂಡಳಿ ಎಲ್ಲಿ ಕೂರುತ್ತದೆ ಎಂದು ಪ್ರವೇಶ ವಿಭಾಗಕ್ಕೆ ಬರೆದು ಕೇಳಿ. ಬ್ರಿಟಿಷ್ ವಿಶ್ವವಿದ್ಯಾಲಯಗಳಲ್ಲಿ ಬೇರೆ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರು ಬಾಹ್ಯ ಪರೀಕ್ಷಕರಾಗಿ ಉತ್ತರಪತ್ರಿಕೆಗಳ ಮಾದರಿಯನ್ನು ನೋಡಿ ವರದಿ ಕೊಡುವ ಪದ್ಧತಿಯಿದೆ. ಅದೇ ಪರೀಕ್ಷಕರು ಶಾಖೆಯ ಪತ್ರಿಕೆಗಳನ್ನೂ ನೋಡುತ್ತಾರೆಯೇ ಎಂಬುದು ಮುಖ್ಯ. ಶುಲ್ಕದ ಹಣದಿಂದಲೇ ನಡೆಯಬೇಕಾದ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಯನ್ನು ಅನುತ್ತೀರ್ಣಗೊಳಿಸುವುದೆಂದರೆ ಆದಾಯ ಕಳೆದುಕೊಳ್ಳುವುದೂ ಹೌದು. ಆ ಒತ್ತಡ ತಾಗದಷ್ಟು ದೂರದಲ್ಲಿ ಅಂಕಗಳ ತೀರ್ಮಾನ ನಡೆಯುತ್ತಿದೆಯೇ ಎಂಬುದನ್ನು ನೀವು ತಿಳಿದುಕೊಳ್ಳಬೇಕಾಗಿದೆ.

ಹಾಗೆಂದು ಎಲ್ಲವೂ ಮೂಲ ಕ್ಯಾಂಪಸ್ಸಿನಿಂದಲೇ ಬರುತ್ತದೆ ಎಂಬ ಉತ್ತರ ಬಂದರೆ ಅದನ್ನೂ ಪೂರ್ತಿ ಒಪ್ಪಬೇಡಿ. ಇನ್ನೊಬ್ಬರ ಸ್ಲೈಡುಗಳನ್ನು ತಲುಪಿಸುವ ಅಂಚೆಯವನ ಕೆಲಸಕ್ಕಷ್ಟೇ ಸೀಮಿತವಾದ ಅಧ್ಯಾಪಕರಿಗೆ, ತರಗತಿ ಹಿಂದೆ ಬಿದ್ದಿದೆ ಎಂದು ಗೊತ್ತಾದರೂ ಪಾಠವನ್ನು ಬದಲಿಸುವ ಅಧಿಕಾರವಿರುವುದಿಲ್ಲ. ಆದ್ದರಿಂದ ಅಧ್ಯಾಪಕರ ಪಟ್ಟಿಯನ್ನು ತರಿಸಿಕೊಂಡು, ಅವರಲ್ಲಿ ಎಷ್ಟು ಮಂದಿ ಅಲ್ಲೇ ನೆಲೆಸಿ ಕಾಯಂ ಆಗಿ ದುಡಿಯುವವರು, ಎಷ್ಟು ಮಂದಿ ಎರಡು ವಾರ ಬಂದು ಒಂದು ಪೇಪರಿನ ಪಾಠವನ್ನೆಲ್ಲ ಮುಗಿಸಿ ವಿಮಾನ ಹತ್ತುವವರು, ಎಷ್ಟು ಹುದ್ದೆಗಳಿಗೆ ‘ನೇಮಕಾತಿ ಪ್ರಗತಿಯಲ್ಲಿದೆ’ ಎಂಬ ಉತ್ತರವಿದೆ ಎಂದು ನೋಡಿ. ತರಗತಿ ಆರಂಭವಾಗಲು ಕೆಲವೇ ವಾರಗಳಿರುವಾಗ ಮೂರನೆಯ ಬಗೆಯೇ ಹೆಚ್ಚಾಗಿದ್ದರೆ ಅದು ಒಳ್ಳೆಯ ಸೂಚನೆಯಲ್ಲ.

ಗ್ರಂಥಾಲಯದ ವಿಷಯದಲ್ಲಿ ಒಂದು ಸಣ್ಣ ಪರೀಕ್ಷೆ ಸಾಧ್ಯ. ಸಂಶೋಧನಾ ನಿಯತಕಾಲಿಕಗಳ ಪ್ರಕಾಶಕರು ಪರವಾನಗಿಯನ್ನು ಹಲವು ಬಾರಿ ನಿರ್ದಿಷ್ಟ ಕ್ಯಾಂಪಸ್ಸಿಗಷ್ಟೇ ಕೊಡುತ್ತಾರೆ. ಮೂಲ ಕ್ಯಾಂಪಸ್ಸಿನಲ್ಲಿ ತೆರೆಯುವ ಲೇಖನ ಶಾಖೆಯಲ್ಲಿ ತೆರೆಯದೆ ಹೋಗಬಹುದು. ಭೇಟಿ ನೀಡಲು ಅವಕಾಶವಿದ್ದರೆ ಅಲ್ಲಿನ ಕಂಪ್ಯೂಟರಿನ ಮುಂದೆ ಕುಳಿತು ಮಗಳ ವಿಷಯಕ್ಕೆ ಸಂಬಂಧಿಸಿದ ಒಂದು ಲೇಖನವನ್ನು ತೆರೆದು ತೋರಿಸುವಂತೆ ಕೋರಿ. ಪ್ರಯೋಗಾಲಯದಲ್ಲೂ ಯಂತ್ರವನ್ನು ನೋಡಿ ಬರುವುದರ ಬದಲು, ಅದನ್ನು ನಡೆಸುವ ತಂತ್ರಜ್ಞರು ನೇಮಕಗೊಂಡಿದ್ದಾರೆಯೇ ಎಂದು ಕೇಳಿ.

ಮಾನ್ಯತೆಯ ಬಗ್ಗೆ ಮಾಹಿತಿ ಪುಸ್ತಕಗಳು ಬಳಸುವ ಭಾಷೆ ಜಾಣತನದ್ದು. ಎಂಜಿನಿಯರಿಂಗ್ ಕೋರ್ಸ್‌ಗಳಿಗೆ ಅಮೆರಿಕದ ‘ಎಬೆಟ್’ ಸಂಸ್ಥೆ ಕೊಡುವ ಮಾನ್ಯತೆ ಇಡೀ ವಿಶ್ವವಿದ್ಯಾಲಯಕ್ಕೆ ಸಿಗುವಂಥದ್ದಲ್ಲ, ಆಯಾ ಕೋರ್ಸಿಗೆ ಸಿಗುವಂಥದ್ದು. ಕೋರ್ಸಿನಿಂದ ಪದವೀಧರರು ಹೊರಬಂದ ಮೇಲೆಯೇ ಅದು ದೊರೆಯುತ್ತದೆ. ಹಾಗಿರುವಾಗ ಮೊದಲ ಬ್ಯಾಚಿಗೆ ಮುಂಚೆಯೇ ಶಾಖೆಯ ಕೋರ್ಸಿಗೆ ಅಂಥ ಮಾನ್ಯತೆಯಿದೆ ಎಂದು ಯಾರಾದರೂ ಹೇಳಿದರೆ, ಅವರು ಮೂಲ ಕ್ಯಾಂಪಸ್ಸಿನ ಮಾನ್ಯತೆಯನ್ನು ಎರವಲು ಪಡೆದು ಮಾತನಾಡುತ್ತಿದ್ದಾರೆ ಎಂದೇ ತಿಳಿಯಬೇಕು. ಯಾವ ವರ್ಷ ಅರ್ಜಿ ಸಲ್ಲಿಸುವ ಯೋಜನೆಯಿದೆ ಎಂದು ಕೇಳಿದಾಗ ಸ್ಪಷ್ಟ ಉತ್ತರ ಬಂದರೆ ಅದು ಪ್ರಾಮಾಣಿಕತೆಯ ಗುರುತು.

ಇನ್ನು ನೀವು ಕೇಳದ, ಆದರೆ ಕೇಳಬೇಕಾಗಿದ್ದ ಸಂಗತಿ: ಗುಣಮಟ್ಟ ಬೇರೆ, ಬಾಳಿಕೆ ಬೇರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯವು 2007ರಲ್ಲಿ ಸಿಂಗಪುರದಲ್ಲಿ ಆರಂಭಿಸಿದ ಕ್ಯಾಂಪಸ್, 300 ವಿದ್ಯಾರ್ಥಿಗಳ ನಿರೀಕ್ಷೆಯಿದ್ದಲ್ಲಿ 148 ಮಂದಿಯಷ್ಟೇ ಸೇರಿದ್ದರಿಂದ, ಒಂದೇ ಸೆಮಿಸ್ಟರಿನಲ್ಲಿ ಮುಚ್ಚಿತು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯವು 2005ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ರಾಸ್ ಅಲ್ ಖೈಮಾದಲ್ಲಿ ತೆರೆದ ಕ್ಯಾಂಪಸ್ಸು ಒಬ್ಬ ಪದವೀಧರರನ್ನೂ ಕಾಣದೆ 2009ರಲ್ಲಿ ಬಾಗಿಲು ಹಾಕಿತು. ಇವು ಹೊಸ ಕ್ಯಾಂಪಸ್‌ಗಳ ಕಥೆಯಾಯಿತು. 2003ರಿಂದ ಕತಾರಿನಲ್ಲಿ ನಡೆಯುತ್ತಿದ್ದ, ಎಬೆಟ್ ಮಾನ್ಯತೆಯನ್ನೂ ಪಡೆದಿದ್ದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕ್ಯಾಂಪಸ್ಸನ್ನು 2028ರ ಹೊತ್ತಿಗೆ ಮುಚ್ಚಲು ಅದರ ಆಡಳಿತ ಮಂಡಳಿ 2024ರ ಫೆಬ್ರವರಿಯಲ್ಲಿ ಮತ ಹಾಕಿತು. ಅಲ್ಲಿ ಕಲಿಕೆ ಕಳಪೆಯಾಗಿತ್ತು ಎಂಬುದು ಮಂಡಳಿ ಕೊಟ್ಟ ಕಾರಣವಾಗಿರಲಿಲ್ಲ.

ಹೀಗಾಗಿ ಕ್ಯಾಂಪಸ್ಸಿನ ಖರ್ಚು ಯಾರು ಹೊರುತ್ತಾರೆ, ಆತಿಥೇಯ ದೇಶದ ಅಥವಾ ಪಾಲುದಾರ ಸಂಸ್ಥೆಯ ಜೊತೆಗಿನ ಒಪ್ಪಂದ ಎಷ್ಟು ವರ್ಷದ್ದು, ಅದು ಮಗಳ ಕೋರ್ಸಿಗಿಂತ ಮೊದಲೇ ಮುಗಿಯುತ್ತದೆಯೇ ಎಂಬುದನ್ನು ವಿಚಾರಿಸಿ. ಮುಚ್ಚುವ ಸ್ಥಿತಿ ಬಂದರೆ ಸೇರಿದವರಿಗೆ ಅಲ್ಲೇ ಕೋರ್ಸು ಮುಗಿಸಲು ಬಿಡುತ್ತಾರೆಯೇ, ಮೂಲ ಕ್ಯಾಂಪಸ್ಸಿಗೆ ಕಳುಹಿಸುತ್ತಾರೆಯೇ, ಕಳುಹಿಸಿದರೆ ಅಲ್ಲಿನ ಹೆಚ್ಚಿನ ಶುಲ್ಕದ ವ್ಯತ್ಯಾಸವನ್ನು ಯಾರು ಭರಿಸುತ್ತಾರೆ ಎಂಬುದು ಲಿಖಿತವಾಗಿ ಇರಬೇಕು. ಫೋನಿನಲ್ಲಿ ಕೊಟ್ಟ ಭರವಸೆಗೆ ಇಲ್ಲಿ ಬೆಲೆಯಿಲ್ಲ. ಈ ಪ್ರಶ್ನೆಗಳಿಗೆ ಪುಟಗಟ್ಟಲೆ ಪ್ರಚಾರ ಸಾಹಿತ್ಯ ಉತ್ತರವಾಗಿ ಬಂದರೆ ನಾನಾದರೆ ಒಂದು ವರ್ಷ ಕಾಯುತ್ತೇನೆ. ನೇರ ಉತ್ತರ ಬಂದರೆ ಮೊದಲ ಬ್ಯಾಚಿಗೆ ಹೆದರಬೇಕಾಗಿಲ್ಲ. ಸಣ್ಣ ತರಗತಿ, ಅಧ್ಯಾಪಕರ ಒಡನಾಟ ಮುಂದಿನ ಬ್ಯಾಚುಗಳಿಗಿಂತ ಮೊದಲನೆಯದಕ್ಕೇ ಹೆಚ್ಚು ಸಿಗುವುದುಂಟು.

ಪ್ರಶ್ನೆ: ಶಾಖೆಗೆ ಸೇರಲು ಕೇಳುವ ಅಂಕಗಳು ಮೂಲ ಕ್ಯಾಂಪಸ್ಸಿಗಿಂತ ಕಡಿಮೆ ಇದ್ದರೆ ಗುಣಮಟ್ಟವೂ ಕಡಿಮೆ ಎಂದು ತಿಳಿಯಬಹುದೇ?
– ವಿದ್ಯಾರ್ಥಿನಿ

ಉತ್ತರ: ಅಷ್ಟರಿಂದಲೇ ಹಾಗೆ ತೀರ್ಮಾನಿಸಲಾಗದು. ಕಡಿಮೆ ಅಂಕಕ್ಕೆ ಸೇರಿಸಿಕೊಂಡವರು ಹೆಚ್ಚುವರಿ ತರಗತಿಗಳ ನೆರವಿನಿಂದ ಅದೇ ಪರೀಕ್ಷೆಯನ್ನು ಬರೆದು ತೇರ್ಗಡೆಯಾಗುವುದಾದರೆ ಅದು ಬೋಧನೆಯ ಹೆಗ್ಗಳಿಕೆ. ಅಂಥ ನೆರವಿಗೆ ಯಾರನ್ನು ನೇಮಿಸಿದ್ದಾರೆ, ಮೊದಲ ವರ್ಷದಿಂದ ಎರಡನೆಯ ವರ್ಷಕ್ಕೆ ಹೋಗಲು ಕನಿಷ್ಠ ಎಷ್ಟು ಅಂಕ ಬೇಕು, ಆ ನಿಯಮ ಎರಡೂ ಕಡೆ ಒಂದೇ ಆಗಿದೆಯೇ ಎಂದು ವಿಚಾರಿಸಿ.